ಮೂರೂವರೆ ನಿಮಿಷದ ಮೆಹದಿ ಹಸನ್

ಪಾಕಿಸ್ತಾನದ ಗಜಲ್ ಗಾಯಕ ಮೆಹದಿ ಹಸನ್ ಎಂದೊಡನೆ ನಮ್ಮ ಕಡೆಯವರ ಕಣ್ಣ ಮುಂದೆ ಬರುವುದು ಬೈಠಕ್ಕಿನ ಚಿತ್ರ. ಮುಂದೆ ಪೇಟಿ, ಮಗ್ಗುಲಲ್ಲಿ ತಬಲಾ, ಒಂದೇ ಗಜಲಿಗೆ ಅರ್ಧ ಗಂಟೆ, ಸಾಲಿಗೊಂದು 'ವಾಹ್'. ಅವರ 'ರಂಜಿಶ್ ಹೀ ಸಹೀ' ಎಷ್ಟೋ ಜನರಿಗೆ ಪರಿಚಯವಾದದ್ದು ಅಂಥ ಕಛೇರಿಯ ಧ್ವನಿಮುದ್ರಣದಿಂದ. ಹಾಗಾಗಿ ಎಲ್ಲೋ ಅದರ ಸಿನಿಮಾ ಆವೃತ್ತಿ ಕಿವಿಗೆ ಬಿದ್ದರೆ, 'ಓ, ಇದನ್ನು ಕತ್ತರಿಸಿ ಚಿತ್ರಕ್ಕೆ ಹಾಕಿಕೊಂಡಿದ್ದಾರೆ' ಅಂದುಕೊಳ್ಳುತ್ತೇವೆ. ನಡೆದದ್ದು ತಿರುಗಾಮುರುಗಾ. ಆ ಧಾಟಿ 1972ರ 'ಮೊಹಬ್ಬತ್' ಚಿತ್ರಕ್ಕೆ ಸಂಗೀತ ನಿರ್ದೇಶಕ ನಿಸಾರ್ ಬಜ್ಮಿ ಹಾಕಿದ್ದು. ಕಛೇರಿಯಲ್ಲಿ ಹಸನ್ ಮಾಡಿದ್ದು ಆ ಧಾಟಿಯ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚುವ ಕೆಲಸ. ಅವರನ್ನು 'ಗಜಲ್ ಸಾಮ್ರಾಟ' ಎಂದು ಕೂರಿಸಿ ಕೈ ಮುಗಿಯುವ ಭರದಲ್ಲಿ, ಎರಡು ದಶಕ ಲಾಹೋರ್, ಕರಾಚಿಯ ಸ್ಟುಡಿಯೋಗಳಲ್ಲಿ ನಿಂತು ಹಾಡಿದ ಹಿನ್ನೆಲೆ ಗಾಯಕನನ್ನು ನಾವು ಮರೆತಿದ್ದೇವೆ. ಆ ಸ್ಟುಡಿಯೋ ಇಲ್ಲದಿದ್ದರೆ ಈ ಬೈಠಕ್ ಹೀಗಿರುತ್ತಿರಲಿಲ್ಲ ಎಂಬುದು ನನ್ನ ವಾದ.

ಹುಟ್ಟಿದ್ದು 1927ರ ಜುಲೈ 18ರಂದು, ರಾಜಸ್ಥಾನದ ಝುಂಝುನೂ ಜಿಲ್ಲೆಯ ಲೂಣಾ ಎಂಬ ಹಳ್ಳಿಯಲ್ಲಿ. ಕಲಾವಂತರ, ಅಂದರೆ ವಂಶಪಾರಂಪರ್ಯವಾಗಿ ಹಾಡುವವರ, ಮನೆತನ, ತಾನು ಹದಿನಾರನೆಯ ತಲೆಮಾರಿನವನೆಂಬುದು ಅವರ ಲೆಕ್ಕ. ತಂದೆ ಅಜೀಮ್ ಖಾನ್, ಚಿಕ್ಕಪ್ಪ ಇಸ್ಮಾಯಿಲ್ ಖಾನ್ ಇಬ್ಬರೂ ಹಿಂದುಸ್ತಾನಿ ಸಂಗೀತದ ಹಳೆಯ, ಗಂಭೀರ ಶೈಲಿಯಾದ ಧ್ರುಪದ್ ಹಾಡುವವರು. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಹಸನ್ ಹಾಡಿಕೆಯಲ್ಲಿ ಜನ 'ಮಖಮಲ್' ಅನ್ನುವ ಗುಣದ ಬೇರು ಇರುವುದು ಇಲ್ಲೇ. ಧ್ರುಪದಿನವರ ಸಾಧನೆ ಶುರುವಾಗುವುದು ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ. ಬೆಳಗಿನ ಜಾವ ಕೆಳಗಿನ ಷಡ್ಜ ಹಿಡಿದು, ಉಸಿರು ಮುಗಿಯುವವರೆಗೆ ಅಲುಗದೆ ನಿಲ್ಲುವುದು. ವರ್ಷಗಟ್ಟಲೆ ಹೀಗೆ ಮಾಡಿದವನ ಕೆಳದನಿ ಮೈಕಿನ ಮುಂದೆ ಪಿಸುಗುಟ್ಟಿದರೂ ತುಂಬಿಕೊಂಡಿರುತ್ತದೆ. ಮಾಡದವನು ಮೆಲ್ಲಗೆ ಹಾಡಹೊರಟರೆ ದನಿಯಲ್ಲಿ ಗಾಳಿಯೇ ಹೆಚ್ಚು, ಸ್ವರ ಕಡಿಮೆ.

ವಿಭಜನೆಯಾದಾಗ ವಯಸ್ಸು ಇಪ್ಪತ್ತು. ಕುಟುಂಬ ಪಾಕಿಸ್ತಾನ ಸೇರಿತು, ಕೈಯಲ್ಲಿ ಕಾಸಿರಲಿಲ್ಲ. ಪಂಜಾಬಿನ ಚೀಚಾವತ್ನಿ ಎಂಬ ಊರಲ್ಲಿ ಸೈಕಲ್ ಅಂಗಡಿಯ ಕೆಲಸ, ಆಮೇಲೆ ಕಾರು ಮತ್ತು ಡೀಸೆಲ್ ಟ್ರ್ಯಾಕ್ಟರಿನ ಮೆಕ್ಯಾನಿಕ್. ಬರೆಯುವವರೆಲ್ಲ ಇಲ್ಲಿ ಕಣ್ಣೀರು ಹಾಕುತ್ತಾರೆ. ಅದರ ಅಗತ್ಯ ನನಗೆ ಕಂಡಿಲ್ಲ. ಗ್ಯಾರೇಜಿನಲ್ಲಿ ದುಡಿಯುತ್ತಲೇ ರಿಯಾಜ್, ಅಂದರೆ ಹಾಡಿಕೆಯ ಅಭ್ಯಾಸ, ಬಿಡಲಿಲ್ಲ, ಇದು ಮುಖ್ಯ. ಹಳೆಯ ಆಶ್ರಯದಾತರು ಹಿಂದೆ ಉಳಿದ ಹೊಸ ದೇಶದಲ್ಲಿ ಧ್ರುಪದ್ ಕೇಳಿ ಕಾಣಿಕೆ ಕೊಡುವವರು ಸಿಗುವುದು ಕಷ್ಟವಿತ್ತು. ಸಂಗೀತಕ್ಕೆ ಸಂಬಳ ಕೊಡುತ್ತಿದ್ದವು ಎರಡೇ ಕಟ್ಟಡ: ರೇಡಿಯೋ ನಿಲಯ ಮತ್ತು ಫಿಲ್ಮ್ ಸ್ಟುಡಿಯೋ.

ಎರಡರ ಬಾಗಿಲೂ 1950ರ ದಶಕದಲ್ಲಿ ತೆರೆದುಕೊಂಡವು. ರೇಡಿಯೋ ಪಾಕಿಸ್ತಾನ್ ಅವರನ್ನು ತೆಗೆದುಕೊಂಡದ್ದು ಮುಖ್ಯವಾಗಿ ಠುಮ್ರಿ ಎಂಬ ಲಘುಶಾಸ್ತ್ರೀಯ ಪ್ರಕಾರ ಹಾಡುವವರೆಂದು. ಅಲ್ಲಿನ ಅಧಿಕಾರಿಗಳಾದ ಜೆಡ್. ಎ. ಬುಖಾರಿ ಮತ್ತು ರಫೀಕ್ ಅನ್ವರ್, ಹಸನ್‌ಗಿದ್ದ ಉರ್ದು ಕಾವ್ಯಪ್ರೀತಿ ನೋಡಿ, ಅವರನ್ನು ಗಜಲಿನ ಕಡೆ ತಿರುಗಿಸಿದರು. 1956ರ 'ಶಿಕಾರ್' ಚಿತ್ರದಲ್ಲಿ ಮೊದಲ ಸಿನಿಮಾ ಹಾಡು, 1962ರ 'ಸಸುರಾಲ್'ನಲ್ಲಿ ಮೊದಲು ಎಲ್ಲರ ಬಾಯಿಗೆ ಬಿದ್ದ ಹಾಡು. ಅದಕ್ಕೆ ಹಸನ್ ಲತೀಫ್ ಎಂಬವರ ಸಂಗೀತ, ಮುನೀರ್ ನಿಯಾಜಿ ಸಾಹಿತ್ಯ. ನಡುವಿನ ಆರು ವರ್ಷ ಅವಕಾಶಗಳು ಬಂದವು, ಹೋದವು.

ನಿಜವಾದ ತಿರುವು 1964ರ 'ಫರಂಗಿ'. ರಶೀದ್ ಅತ್ರೆ ಸಂಗೀತದ ಆ ಚಿತ್ರದಲ್ಲಿ ಉರ್ದು ಕವಿ ಫೈಜ್ ಅಹ್ಮದ್ ಫೈಜ್ ಅವರ 'ಗುಲೋಂ ಮೇ ರಂಗ್ ಭರೇ' ಬಂತು. ಫೈಜ್ ಇದನ್ನು ಬರೆದದ್ದು 1954ರಲ್ಲಿ, ಮಾಂಟ್ಗೊಮರಿ ಜೈಲಿನಲ್ಲಿ. ಮಾಂಟ್ಗೊಮರಿ ಎಂದರೆ ಇವತ್ತಿನ ಸಾಹಿವಾಲ್. ಹಸನ್ ಸೈಕಲ್ ರಿಪೇರಿ ಮಾಡಿದ ಚೀಚಾವತ್ನಿ ಅದೇ ಜಿಲ್ಲೆಯ ಊರು. ಕವಿಯನ್ನು ಕೂಡಿಹಾಕಿದ ಜೈಲು, ಗಾಯಕ ಹೊಟ್ಟೆ ಹೊರೆದ ಅಂಗಡಿ ಎರಡೂ ಒಂದೇ ಜಿಲ್ಲಾಡಳಿತದ ಕೆಳಗೆ.

ಈ ಹಾಡಿನ ರಾಗ ಝಿಂಝೋಟಿ. ಧಾರವಾಡ, ಹುಬ್ಬಳ್ಳಿ ಕಡೆಯ ಕೇಳುಗರಿಗೆ ಈ ರಾಗ ಹೊಸದಲ್ಲ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಹಾಡಿದ 'ಪಿಯಾ ಬಿನ್ ನಹೀ ಆವತ ಚೈನ್' ಇದೇ ರಾಗದ ಠುಮ್ರಿ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಆ ದನಿ ನಮ್ಮ ಮನೆಯದೇ ಆಗಿಬಿಟ್ಟಿದೆ. ಎರಡನ್ನೂ ಒಂದರ ಹಿಂದೊಂದು ಕೇಳಿ. ಖಾನರದು ಮೇಲಿನ ಸ್ಥಾಯಿಗೆ ಚಾಚುವ, ಎಳೆದು ಎಳೆದು ಕರೆಯುವ ಮೊನಚು ದನಿ. ಹಸನ್ ಝಿಂಝೋಟಿಯ ಕೆಳಗಿನ ಅರ್ಧವನ್ನು ಹಿಡಿಯುತ್ತಾರೆ. ಮಂದ್ರದ ಧೈವತದಿಂದ ಎದ್ದು, ಷಡ್ಜ ರಿಷಭ ದಾಟಿ, ಮಧ್ಯಮ ಮುಟ್ಟಿ ಗಾಂಧಾರಕ್ಕೆ ಇಳಿಯುವ ಚಲನೆ ಈ ರಾಗದ ಗುರುತು. ಮಂದ್ರ ಗಟ್ಟಿಯಿದ್ದವನಿಗೆ ಇದಕ್ಕಿಂತ ಹೊಂದುವ ರಾಗ ಕಡಿಮೆ.

ಇನ್ನು ಸ್ಟುಡಿಯೋದ ಒಳಗೆ ಬನ್ನಿ. ಲಾಹೋರಿನಲ್ಲಿ ಎವರ್‌ನ್ಯೂ, ಬಾರಿ, ಶಾಹನೂರ್. ಕರಾಚಿಯಲ್ಲಿ ಈಸ್ಟರ್ನ್. ಆ ಕಾಲದ ಧ್ವನಿಮುದ್ರಣ ಈಗಿನಂತೆ ತುಂಡು ತುಂಡಾಗಿ ನಡೆಯುವುದಲ್ಲ. ಗಾಯಕ, ಪಿಟೀಲಿನವರು, ಸಿತಾರ್, ಕೊಳಲು, ತಬಲಾ, ಢೋಲಕ್ ಎಲ್ಲರೂ ಒಂದೇ ಹಾಲಿನಲ್ಲಿ. ಮೈಕುಗಳು ಕೈಬೆರಳೆಣಿಕೆಯವು. ದನಿಗಳ ಹದ ಕೂಡಿಸುತ್ತಿದ್ದದ್ದು ಬಹುಮಟ್ಟಿಗೆ ದೂರದ ಲೆಕ್ಕದಲ್ಲಿ. ಯಾರು ಮೈಕಿಗೆ ಎಷ್ಟು ಹತ್ತಿರ, ಢೋಲಕ್ಕನ್ನು ಯಾವ ಮೂಲೆಗೆ ತಳ್ಳಬೇಕು, ಪಿಟೀಲಿನ ಸಾಲು ಎಷ್ಟು ಹಿಂದೆ ಕೂರಬೇಕು. ಇದನ್ನು ಹೊಂದಿಸುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಹಾಡು ಹಿಡಿಯುವುದು ಒಂದೇ ಓಟದಲ್ಲಿ, ಮೊದಲಿಂದ ಕೊನೆಯವರೆಗೆ. ಕೊನೆಯ ಚರಣದಲ್ಲಿ ಒಬ್ಬ ಪಿಟೀಲಿನವನ ಕಮಾನು ಜಾರಿದರೂ ಮತ್ತೆ ಮೊದಲಿಂದ.

ಖರ್ಚಿನ ಲೆಕ್ಕವೂ ಸಣ್ಣದಲ್ಲ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಚೌಕಟ್ಟು, ಸೆಕೆಂಡಿಗೆ 24 ಚೌಕಟ್ಟು. ಅಂದರೆ ನಿಮಿಷಕ್ಕೆ 90 ಅಡಿ. ಧ್ವನಿಯನ್ನು ನೇರ ಫಿಲ್ಮಿಗೇ ಹಿಡಿಯುತ್ತಿದ್ದ ದಿನಗಳಲ್ಲಿ ಮೂರೂವರೆ ನಿಮಿಷದ ಹಾಡೊಂದು ಕೆಟ್ಟರೆ 315 ಅಡಿ ಕಚ್ಚಾ ಫಿಲ್ಮು ಕಸ. ಅದೂ ಹೊರದೇಶದಿಂದ ತರಿಸಿದ್ದು. ಟೇಪು ಬಂದ ಮೇಲೆ ಈ ಭಯ ಕಡಿಮೆಯಾಯಿತು. ಮಿತಿ ಮಾತ್ರ ಹೋಗಲಿಲ್ಲ. ಹತ್ತಂಗುಲದ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷ, ಮೇಲೊಂದಿಷ್ಟು ಸೆಕೆಂಡು. ಹೆಚ್ಚು ಹೊತ್ತು ಓಡುವ ತಟ್ಟೆಗಳು ಬಂದ ಮೇಲೂ ಸಿನಿಮಾ ಹಾಡಿನ ಅಳತೆ ಅದರ ಆಸುಪಾಸಿನಲ್ಲೇ ಉಳಿಯಿತು.

ಮೂರನೆಯ ಕಟ್ಟು ನಟನ ತುಟಿ. ಚಿತ್ರೀಕರಣದಲ್ಲಿ ಹಾಡನ್ನು ಜೋರಾಗಿ ಹಾಕಿ ನಟ ಬಾಯಿ ಆಡಿಸುತ್ತಾನೆ. ಗಾಯಕ 'ಆ'ಕಾರದಲ್ಲಿ ಎಂಟು ಮಾತ್ರೆ ತಾನ್, ಅಂದರೆ ವೇಗದ ಸ್ವರಗಳ ಓಟ, ಹೊಡೆದರೆ ನಟ ಬಾಯಿ ತೆರೆದುಕೊಂಡು ಎಂಟು ಮಾತ್ರೆ ನಿಲ್ಲಬೇಕು. ತೆರೆಯ ಮೇಲೆ ಅದು ಹಲ್ಲಿನ ವೈದ್ಯರ ಮುಂದೆ ಕುಳಿತಂತೆ ಕಾಣುತ್ತದೆ. ಸರಿಗಮ ಅಂತೂ ಬೇಡವೇ ಬೇಡ. ಹಾಗಾಗಿ ಅಲಂಕಾರವನ್ನೆಲ್ಲ ಅಕ್ಷರದ ಒಳಗೇ ಅಡಗಿಸಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸಣ್ಣ ಮೀಂಡ್, ದೀರ್ಘಾಕ್ಷರದ ತುದಿಗೊಂದು ಚುರುಕಾದ ಸ್ವರಸುಳಿ, ಅಂದರೆ ಮುರ್ಕಿ, ಇಷ್ಟೇ. ಧ್ರುಪದಿನ ಮನೆಯಿಂದ ಬಂದವನಿಗೆ ಇದು ಉಪವಾಸ. ಹಸನ್ ಅದನ್ನೇ ರೂಢಿ ಮಾಡಿಕೊಂಡರು. 1967ರ 'ದೋರಾಹಾ'ದಲ್ಲಿ ಸುಹೇಲ್ ರಾಣಾ ಸಂಗೀತಕ್ಕೆ ಹಾಡಿದ 'ಮುಝೇ ತುಮ್ ನಜರ್ ಸೇ' ಕೇಳಿದರೆ ಈ ಮಾತು ತಿಳಿಯುತ್ತದೆ. ಎಲ್ಲೂ ರಾಗದ ಪ್ರದರ್ಶನವಿಲ್ಲ, ಎಲ್ಲೂ ರಾಗ ಕೆಟ್ಟಿಲ್ಲ.

ಅದೇ ಕಾಲದ ಇನ್ನೊಂದು ದೊಡ್ಡ ಗಂಟಲು ಅಹ್ಮದ್ ರುಶ್ದಿಯದು. ನಮ್ಮ ನೆರೆಯ ಹೈದರಾಬಾದಿನಲ್ಲಿ ಹುಟ್ಟಿ ಕರಾಚಿ ಸೇರಿದವರು. 1966ರ 'ಅರ್ಮಾನ್'ನ 'ಕೋ ಕೋ ಕೋರೀನಾ' ಅವರದೇ. ರುಶ್ದಿ ಹಾಡುತ್ತಾ ನಗಬಲ್ಲರು, ತೊದಲಬಲ್ಲರು, ನಟನ ಭುಜ ಕುಣಿಯುವುದನ್ನು ದನಿಯಲ್ಲೇ ತೋರಿಸಬಲ್ಲರು. ಹಸನ್‌ಗೆ ಇದು ಬರುತ್ತಿರಲಿಲ್ಲ. ಕುಣಿಯುವ ಹಾಡು ಕೊಟ್ಟರೆ ಅವರು ಅದನ್ನೂ ಕುಳಿತೇ ಹಾಡಿದಂತೆ ಕೇಳುತ್ತದೆ. ಸಂಗೀತ ನಿರ್ದೇಶಕರಿಗೆ ಇದು ಗೊತ್ತಿತ್ತು. ನಾಯಕ ಮೋಟಾರುಬೈಕಿನ ಮೇಲಿದ್ದರೆ ರುಶ್ದಿ, ಕಿಟಕಿಯ ಬಳಿ ನಿಂತಿದ್ದರೆ ಹಸನ್.

ಈಗ 'ರಂಜಿಶ್'ಗೆ ಮರಳೋಣ. ಅಹ್ಮದ್ ಫರಾಜ್ ಬರೆದ ಗಜಲ್. ಮೊದಲ ಸಾಲು 'ರಂಜಿಶ್ ಹೀ ಸಹೀ ದಿಲ್ ಹೀ ದುಖಾನೇ ಕೇ ಲಿಯೇ ಆ'. ಮುನಿಸೇ ಇರಲಿ, ಮನಸ್ಸು ನೋಯಿಸಲಿಕ್ಕಾದರೂ ಬಾ, ಎಂದು ಅರ್ಥ. ರಾಯಚೂರಿನ ಶಾಂತರಸರು ಕನ್ನಡಕ್ಕೆ ಗಜಲ್ ತಂದ ಮೇಲೆ ಮತ್ಲಾ (ಗಜಲಿನ ಮೊದಲ ದ್ವಿಪದಿ), ರದೀಫ್, ಕಾಫಿಯಾ ನಮಗೆ ಪರಕೀಯ ಪದಗಳಲ್ಲ. ಇಲ್ಲಿ ರದೀಫ್, ಅಂದರೆ ಸಾಲಿನ ಕೊನೆಗೆ ಬದಲಾಗದೆ ಮರಳುವ ಮಾತು, 'ಕೇ ಲಿಯೇ ಆ'; ಕಾಫಿಯಾ, ಅಂದರೆ ಅದರ ಮುಂಚಿನ ಪ್ರಾಸ, 'ದುಖಾನೇ', 'ಜಾನೇ' ಇತ್ಯಾದಿ. ಛಂದಸ್ಸನ್ನು ನಮ್ಮ ಲಘು ಗುರುವಿನಲ್ಲೇ ಪ್ರಸ್ತಾರ ಹಾಕಬಹುದು:

ರಂ ಜಿಶ್ ಹಿ | ಸ ಹೀ ದಿಲ್ ಹಿ | ದು ಖಾ ನೇ ಕೆ | ಲಿ ಯೇ ಆ

ಗುರು ಗುರು ಲಘು, ಲಘು ಗುರು ಗುರು ಲಘು, ಮತ್ತೆ ಲಘು ಗುರು ಗುರು ಲಘು, ಕೊನೆಗೆ ಲಘು ಗುರು ಗುರು. 14 ಅಕ್ಷರ, 22 ಮಾತ್ರೆ. ಗಮನಿಸಬೇಕಾದದ್ದು ಇದು: ಬರೆಯುವಾಗ 'ಹೀ', 'ಕೇ' ಎಂದು ದೀರ್ಘವಾಗಿ ಕಾಣುವ ಅಕ್ಷರಗಳು ಈ ಸಾಲಿನಲ್ಲಿ ಲಘು. 'ಸಹೀ'ಯ 'ಹೀ' ಮಾತ್ರ ಗುರು. ಒಂದೇ ಸಾಲಲ್ಲಿ ಮೂರು 'ಹೀ', ಅದರಲ್ಲಿ ಎರಡು ಗಿಡ್ಡ, ಒಂದು ಉದ್ದ. ನಮ್ಮಲ್ಲಿ ಈ ಗಜಲ್ ಹಾಡಹೊರಟವರು ಮೊದಲು ಎಡವುವುದು ಇಲ್ಲೇ. ಕನ್ನಡದಲ್ಲಿ ದೀರ್ಘ ಎಂದರೆ ದೀರ್ಘವೇ. ಆ ಅಭ್ಯಾಸದಲ್ಲಿ 'ರಂಜಿಶ್ ಹೀ' ಎಂದು ಎಳೆದು, ಅಲ್ಲೊಂದು ಗಮಕ ಕೊಟ್ಟು ನಿಲ್ಲುತ್ತಾರೆ. ಸಾಲಿನ ಬೆನ್ನುಮೂಳೆ ಮುರಿಯಿತು. ಹಸನ್ ಎಷ್ಟೇ ಎಳೆದರೂ ಭಾರ ಬೀಳುವುದು ಗುರುವಿನ ಮೇಲೆ, ಲಘುವನ್ನು ಮುಟ್ಟಿ ದಾಟುತ್ತಾರೆ. ನಿಲ್ಲುವ ಜಾಗವೂ ಅರ್ಥ ನಿಲ್ಲುವಲ್ಲಿ, 'ಸಹೀ' ಆದ ಮೇಲೆ. 'ದುಖಾನೇ' ಎಂದು ಉಸಿರು ತೆಗೆದುಕೊಂಡು ಆಮೇಲೆ 'ಕೇ ಲಿಯೇ' ಎಂದರೆ 'ನೋಯಿಸಲಿಕ್ಕೆ' ಎಂಬ ಒಂದು ಪದವನ್ನು ನಡುವೆ ಕೊಯ್ದಂತೆ.

ರಾಗ ಯಮನ್ ಕಲ್ಯಾಣ್. ಯಮನ್‌ನಲ್ಲಿ ತೀವ್ರ ಮಧ್ಯಮವೊಂದೇ. ಯಮನ್ ಕಲ್ಯಾಣ್‌ನಲ್ಲಿ ಇಳಿಯುವಾಗ ಎರಡು ಗಾಂಧಾರಗಳ ನಡುವೆ ಶುದ್ಧ ಮಧ್ಯಮ ಒಂದು ಕ್ಷಣ ಇಣುಕುತ್ತದೆ: ಗ ಮ ಗ ರಿ. 'ಕೃಷ್ಣಾ ನೀ ಬೇಗನೆ ಬಾರೋ' ಕೇಳಿ ಬೆಳೆದವರಿಗೆ ಇದು ಚೆನ್ನಾಗಿ ಗೊತ್ತು. ಆ ಯಮುನಾಕಲ್ಯಾಣಿಯಲ್ಲಿರುವುದೂ ಇದೇ ಸಲಿಗೆ. 'ಬೇಗನೆ ಬಾ' ಎಂದು ಕರೆಯುವ ದಾಸರ ಪದಕ್ಕೂ 'ನೋಯಿಸಲಿಕ್ಕಾದರೂ ಬಾ' ಎನ್ನುವ ಫರಾಜರಿಗೂ ಒಂದೇ ಸ್ವರದ ಮೆದುತನ ಒದಗಿದೆ. ಆ ಶುದ್ಧ ಮಧ್ಯಮದ ಮೇಲೆ ಕೂರಬಾರದು. ಕೂತರೆ ಅದು ಯಮನ್ ಆಗಿ ಉಳಿಯದು.

ನಿಸಾರ್ ಬಜ್ಮಿ ಮುಂಬೈ ಚಿತ್ರರಂಗದಲ್ಲಿ ಪಳಗಿ, 1960ರ ದಶಕದಲ್ಲಿ ಪಾಕಿಸ್ತಾನಕ್ಕೆ ಹೋದವರು. ಲಕ್ಷ್ಮೀಕಾಂತ್ ಪ್ಯಾರೇಲಾಲ್ ಹಿಂದೆ ಅವರ ವಾದ್ಯವೃಂದದಲ್ಲಿ ನುಡಿಸುತ್ತಿದ್ದ ಹುಡುಗರು. ಎಲ್ಲಿ ಸಾಲು ಏರಬೇಕು, ಎಲ್ಲಿ ರದೀಫ್ ಬಂದು ಷಡ್ಜದ ಬಳಿ ಇಳಿಯಬೇಕು ಎಂಬ ಚೌಕಟ್ಟನ್ನು ಅವರು ಬಿಗಿಯಾಗಿ ಕೂಡಿಸಿ ಕೊಟ್ಟಿದ್ದರು. ಆ ಬಿಗಿ ಇದ್ದುದರಿಂದಲೇ ಹಸನ್ ಕಛೇರಿಯಲ್ಲಿ ಅದರೊಳಗೆ ಅರ್ಧ ಗಂಟೆ ಓಡಾಡಬಲ್ಲವರಾದರು. ಬಿಚ್ಚುವ ಕ್ರಮ ಹೀಗೆ. ಮೊದಲ ಮಿಸ್ರಾ, ಅಂದರೆ ದ್ವಿಪದಿಯ ಮೊದಲ ಸಾಲನ್ನು, ಸಿನಿಮಾ ಧಾಟಿಯಲ್ಲೇ ಒಮ್ಮೆ. ಆಮೇಲೆ ಅದೇ ಸಾಲು ಎರಡನೆಯ ಸಲ, ಒಂದು ಪದದ ಸ್ವರ ಮಾತ್ರ ಬೇರೆ. ಮೂರನೆಯ ಸಲ ಇನ್ನೊಂದು ಪದ. ತಬಲಾ ಅಷ್ಟು ಹೊತ್ತೂ ಸರಳ ಠೇಕಾದಲ್ಲಿ, ಅಂದರೆ ತಾಳದ ಮೂಲ ನಡೆಯಲ್ಲಿ, ಇರಬೇಕು, ಜಾಣತನ ತೋರಿಸಬಾರದು. ಕೇಳುಗರು ಎರಡನೆಯ ಮಿಸ್ರಾಕ್ಕೆ ಕಾಯುತ್ತಾರೆ. ಅದು ಬಂದು, ಕಾಫಿಯಾ ಬಿದ್ದು, ರದೀಫ್ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದು ಕೂತಾಗಲೇ ತಬಲಾಗೆ ಸ್ವಾತಂತ್ರ್ಯ. ಲಗ್ಗಿ ಎಂಬ ದುಪ್ಪಟ್ಟು ಲಯದ ನುಡಿಕೆ, ಒಂದೇ ತುಣುಕು ಮೂರು ಸಲ ಬರುವ ತಿಹಾಯಿ, ಮತ್ತೆ ಮೊದಲ ನಡಿಗೆ.

ಈ 'ಮತ್ತೆ ಮೊದಲ ನಡಿಗೆ' ಎಂಬಲ್ಲಿ ಬಹಳ ಜನ ಕೆಡುತ್ತಾರೆ. ಪ್ರತಿ ಲಗ್ಗಿಯ ನಂತರ ಲಯ ಕೂದಲೆಳೆಯಷ್ಟು ಏರಿ, ಐದನೆಯ ಷೇರಿನ, ಅಂದರೆ ದ್ವಿಪದಿಯ, ಹೊತ್ತಿಗೆ ಗಜಲ್ ಖವ್ವಾಲಿಯ ಓಟ ಹಿಡಿದಿರುತ್ತದೆ. ಇನ್ನೊಂದು ತಪ್ಪು ಎಲ್ಲ ಪದಕ್ಕೂ ಬಣ್ಣ ಬಳಿಯುವುದು. ಹಸನ್ ಒಂದು ಸಾಲಿಗೆ ಒಂದೇ ಪದ ಆರಿಸುತ್ತಾರೆ. ಮೂರೂವರೆ ನಿಮಿಷದಲ್ಲಿ ಅರ್ಥ ದಾಟಿಸಿ ಅಭ್ಯಾಸವಾದವನಿಗೆ ಯಾವ ಪದ ಭಾರ ಹೊರಬಲ್ಲದು ಎಂದು ತಟ್ಟನೆ ಗೊತ್ತಾಗುತ್ತದೆ. ಗ್ಯಾರೇಜಿನ ಹೋಲಿಕೆ ಬೇಡವೆಂದೇ ಇದ್ದೆ, ಆದರೂ ಹೇಳಿಬಿಡುತ್ತೇನೆ: ಎಂಜಿನ್ ಬಿಚ್ಚುವವರೆಲ್ಲ ಮೆಕ್ಯಾನಿಕ್ ಅಲ್ಲ, ಬಿಚ್ಚಿದ್ದನ್ನು ತಿರುಗಿ ಕೂಡಿಸಿ ಓಡಿಸುವವನು ಮೆಕ್ಯಾನಿಕ್.

ಉಚ್ಚಾರದ ಬಗ್ಗೆಯೂ ಒಂದು ಮಾತು. ನಾವು 'ಗಜಲ್' ಎಂದು ಬರೆದು 'ಗಜ'ದ ಗ, 'ಜಲ'ದ ಜ ಹಚ್ಚುತ್ತೇವೆ. ಉರ್ದುವಿನಲ್ಲಿ ಅದು ಗಂಟಲಿಂದ ಉಜ್ಜಿ ಬರುವ ಗ಼, ಹಲ್ಲಿನ ಹಿಂದೆ ಝೇಂಕರಿಸುವ ಜ಼. ಮೈಕಿನ ಮುಂದೆ ಈ ಜ಼ ಮತ್ತು ಫ಼ ಎರಡೂ ಕೆಣಕುತ್ತವೆ. ಗಟ್ಟಿಯಾಗಿ ಹೇಳಿದರೆ ಗಾಳಿ ಹೊಡೆಯುತ್ತದೆ, ಮೆತ್ತಗೆ ಹೇಳಿದರೆ ಪದವೇ ಬದಲಾಗುತ್ತದೆ. ಮಾರವಾಡಿ ಸೀಮೆಯ ಮಾತಿನಲ್ಲಿ ಬೆಳೆದ ಹಸನ್ ಇದನ್ನು ದುಡಿದು ಗಳಿಸಿಕೊಂಡವರು. 'ಕೇಸರಿಯಾ ಬಾಲಮ್' ಎಂಬ ರಾಜಸ್ಥಾನದ ಮಾಂಡ್ ಹಾಡುವಾಗ ಮಾತ್ರ ಅವರ ನಾಲಿಗೆ ಮರಳಿ ಮರುಭೂಮಿಯದಾಗುತ್ತದೆ.

ಅಂದಹಾಗೆ, ಈಗ ಎಲ್ಲರೂ ಹಾಡುವ 'ರಂಜಿಶ್'ನ ಕೆಲವು ಷೇರುಗಳು ಫರಾಜರವಲ್ಲ. ಕೊನೆಗೆ ಬರುವ ಎರಡು ತಾಲಿಬ್ ಬಾಗ್‌ಪತಿ ಎಂಬ ಕವಿಯವು. ಛಂದಸ್ಸು, ರದೀಫ್, ಕಾಫಿಯಾ ಎಲ್ಲ ಹೊಂದಿದ್ದರಿಂದ ಸೇರಿಕೊಂಡವು. ಫರಾಜರ ಪುಸ್ತಕದಲ್ಲಿ ಹುಡುಕಿ ಸಿಗದೆ ತಲೆ ಕೆರೆದುಕೊಳ್ಳುವವರು ಇಂದಿಗೂ ಇದ್ದಾರೆ.

1970ರ ದಶಕದ ಮೊದಲರ್ಧ ಅವರ ಸಿನಿಮಾ ಬದುಕಿನ ತುಂಬು ಹೊಳೆ. 1973ರ 'ಅಜ್ಮತ್', 1974ರ 'ಚಾಹತ್', 1975ರ 'ಜೀನತ್' ಮೂರರಲ್ಲೂ ಇವತ್ತಿಗೂ ಜನ ಗುನುಗುವ ಹಾಡುಗಳಿವೆ. 'ಚಾಹತ್'ನದು ರಾಬಿನ್ ಘೋಷ್ ಸಂಗೀತ. ನನಗೆ ಕೇಳಿದರೆ ಹಸನ್ ದನಿಯನ್ನು ಬಜ್ಮಿಯ ನಂತರ ಸರಿಯಾಗಿ ಅಳೆದವರು ಘೋಷ್. ಅವರು ರಾಗದ ಸಹವಾಸಕ್ಕೇ ಹೋಗದೆ ಆ ದನಿಯ ಕೆಳಗಿನ ನಾಲ್ಕೈದು ಸ್ವರಗಳ ಮೇಲೆ ಹಾಡು ಕಟ್ಟಿದರು. ಆಮೇಲೆ ನೀರು ಇಳಿಯಿತು. 1971ರಲ್ಲಿ ಬಾಂಗ್ಲಾದೇಶವಾಗಿ ಢಾಕಾ ಕೈಬಿಟ್ಟು ಮಾರುಕಟ್ಟೆಯ ಒಂದು ಭಾಗ ಹೋಗಿತ್ತು. 1977ರ ನಂತರ ಜಿಯಾ ಉಲ್ ಹಕ್ ಆಡಳಿತದ ಬಿಗಿ, ಮನೆಮನೆಗೆ ವಿಸಿಆರ್. 1979ರಲ್ಲಿ 'ಮೌಲಾ ಜಟ್' ಗೆದ್ದ ಮೇಲೆ ಲಾಹೋರ್ ಪಂಜಾಬಿ ಹೊಡೆದಾಟದ ಚಿತ್ರಗಳ ಊರಾಯಿತು. ಗಂಡಾಸೆ ಎಂಬ ಉದ್ದ ಹಿಡಿಯ ಕೊಡಲಿ ಹಿಡಿದ ನಾಯಕನಿಗೆ ಕಿಟಕಿ ಬಳಿ ನಿಲ್ಲುವ ಹಾಡು ಬೇಕಿರಲಿಲ್ಲ.

ಹಸನ್ ಹೊರನಾಡುಗಳ ವೇದಿಕೆಗೂ ಕ್ಯಾಸೆಟ್ಟಿಗೂ ತಿರುಗಿದರು. ನಮ್ಮಲ್ಲಿ ಅವರು ಮನೆಮಾತಾದದ್ದು ಈ ಕ್ಯಾಸೆಟ್ಟಿನ ಕಾಲದಲ್ಲಿ. ಆಗಿನ ಗಜಲ್‌ಗಳಲ್ಲಿ ರಾಗಗಳ ಹರವು ದೊಡ್ಡದು. ಫರಾಜರ 'ಶೋಲಾ ಥಾ ಜಲ್ ಬುಝಾ ಹೂಂ' ಇರುವುದು ಕೀರವಾಣಿಯಲ್ಲಿ. ನಮ್ಮ ಕರ್ನಾಟಕ ಸಂಗೀತದ 21ನೆಯ ಮೇಳ, ದಕ್ಷಿಣದಿಂದ ಉತ್ತರಕ್ಕೆ ಹೋದ ರಾಗ. 'ಅಬ್ ಕೇ ಹಮ್ ಬಿಛಡೇ' ಭೂಪೇಶ್ವರಿಯಲ್ಲಿ, ಅಂದರೆ ಭೂಪ ರಾಗದ ಧೈವತವನ್ನು ಕೋಮಲ ಮಾಡಿದ್ದು. ಫರ್ಹತ್ ಶಹಜಾದ್ ಕಾವ್ಯಕ್ಕೆ ಹಾಡಿದ 'ಕೆಹನಾ ಉಸೇ' ಸಂಗ್ರಹಕ್ಕಾಗಿ ಪ್ರಾಣ ಬಿಡುವವರಿದ್ದಾರೆ. ಸ್ವರದ ಸೂಕ್ಷ್ಮ ಅಲ್ಲಿ ಹೆಚ್ಚು, ಒಪ್ಪುತ್ತೇನೆ. ಆದರೆ ಸಿನಿಮಾದ ಚೌಕಟ್ಟಿನ ಮೇಲೆ ಬೆಳೆದ 'ರಂಜಿಶ್', 'ಗುಲೋಂ ಮೇ ರಂಗ್'ಗಳ ಬಿಗಿ ಆ ಕೆಲವು ರಚನೆಗಳಲ್ಲಿ ಸಡಿಲವಾಗಿದೆ ಎಂದು ನನ್ನ ಕಿವಿ ಹೇಳುತ್ತದೆ.

1980ರ ದಶಕದ ಕೊನೆಯಿಂದ ಶ್ವಾಸಕೋಶದ ತೊಂದರೆ, ಹಾಡುವುದು ಕಡಿಮೆಯಾಗುತ್ತಾ ಬಂತು. ಆಮೇಲೆ ಪಾರ್ಶ್ವವಾಯು. 2012ರ ಜೂನ್ 13ರಂದು ಕರಾಚಿಯಲ್ಲಿ ತೀರಿಕೊಂಡರು.

ಅದಕ್ಕೆ ಮೊದಲು ಇನ್ನೊಂದು ಹಾಡು ಹೊರಬಂದಿತ್ತು. 2010ರಲ್ಲಿ 'ಸರ್‌ಹದೇಂ' ಎಂಬ ಸಂಗ್ರಹದಲ್ಲಿ ಬಂದ 'ತೇರಾ ಮಿಲ್ನಾ', ಲತಾ ಮಂಗೇಶ್ಕರ್ ಜೊತೆಗಿನ ಯುಗಳಗೀತೆ. ಸಾಹಿತ್ಯ ಫರ್ಹತ್ ಶಹಜಾದ್, ಧಾಟಿ ಹಸನ್ ಅವರದೇ. ಇಬ್ಬರೂ ಒಂದು ಕೋಣೆಯಲ್ಲಿ ಕೂಡಿ ಹಾಡಲಿಲ್ಲ. ಹಸನ್ ತಮ್ಮ ಸಾಲುಗಳನ್ನು 2009ರಲ್ಲಿ ಪಾಕಿಸ್ತಾನದಲ್ಲಿ ಹಾಡಿದರು, ಲತಾ ಮರುವರ್ಷ ಭಾರತದಲ್ಲಿ. ಎರಡನ್ನೂ ಆಮೇಲೆ ಕೂಡಿಸಿದರು. ಮೊದಲು ಹಾಡಿದವರಿಗೆ ಎದುರು ದನಿ ಎಲ್ಲಿಂದ ಏಳುತ್ತದೆ, ಎಷ್ಟು ಉಸಿರು ಹಿಡಿಯುತ್ತದೆ ಎಂದು ಕೇಳಿಸುವಂತಿರಲಿಲ್ಲ. ಅಂದಾಜಿನ ಮೇಲೆ ಸಾಲು ಮುಗಿಸಿ, ಆ ದನಿಗೆ ಜಾಗ ಬಿಟ್ಟು ನಿಲ್ಲಬೇಕಿತ್ತು.